ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ಗಾಡಿ ಹಿಂದಕ್ಕೆ ಜಾರುತ್ತಿದೆ: ಕ್ಲಚ್ ಕಲಿಯಲೋ, ಆಟೋಮ್ಯಾಟಿಕ್ ತಗೊಳ್ಳಲೋ?

ಎರಡನೇ_ಗೇರ್ | ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 34 ವರ್ಷ. ಮಾರ್ಚಿನಲ್ಲಿ ಡಿಎಲ್ ಬಂತು. ಡ್ರೈವಿಂಗ್ ಸ್ಕೂಲಿನಲ್ಲಿ 20 ದಿನ ಕ್ಲಾಸಿಗೆ ಹೋಗಿದ್ದೆ. ವಿಜಯನಗರ, ಮಾಗಡಿ ರೋಡು, ನವರಂಗ್ ಎಲ್ಲ ಕಡೆ ಓಡಿಸಿದೆ. ಒಂದು ಸಲವೂ ಗಾಡಿ ಆಫ್ ಆಗಲಿಲ್ಲ. "ಮೇಡಂ, ನಿಮ್ಮ ಕೈ ಪಕ್ಕಾ ಆಯ್ತು" ಅಂತ ಮಾಸ್ಟರೇ ಹೇಳಿದ್ದರು.

ಮನೆಯ ಹಳೇ ಆಲ್ಟೊ ಹೊರಗೆ ತೆಗೆದ ದಿನ ಬಣ್ಣ ಬಯಲಾಯಿತು. ಮೊದಲ ಸಿಗ್ನಲ್ಲಿನಲ್ಲೇ ಮೂರು ಸಲ ಆಫ್. ಹಿಂದೆ ಆಟೋದವರ ಹಾರ್ನ್, ಪಕ್ಕದ ಬೈಕಿನವನ ನಗು. ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್. ಮೇಲೆ ಗೇಟಿದೆ, ಗೇಟಿನಾಚೆ ನೇರ ರೋಡು. ರೋಡಿನಲ್ಲಿ ಗಾಡಿ ಬರುತ್ತಿದ್ದರೆ ಸೆಕ್ಯೂರಿಟಿಯವರು ಸರಿಯಾಗಿ ಏರಿನ ನಡುವೆ ಕೈ ತೋರಿಸಿ ನಿಲ್ಲಿಸುತ್ತಾರೆ. ಅಲ್ಲಿಂದ ಮತ್ತೆ ಹೊರಡಬೇಕು. ಹೋದ ಮಂಗಳವಾರ ಹೊರಡಲು ಹೋಗಿ ಹಿಂದಕ್ಕೆ ಜಾರಿದೆ. ಎರಡನೇ ಮಹಡಿಯ ಅಂಕಲ್ ಕಾರಿನ ಬಂಪರ್‌ಗೆ ತಾಗಿತು. 2,800 ರೂಪಾಯಿ ಕೊಟ್ಟೆ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ತೋರಿಸುವ ಕನಿಕರ ಬೇರೆ.

ನಮ್ಮ ಮನೆಯವರು ಹೇಳುವುದು ಒಂದೇ ಮಾತು: "ಆಲ್ಟೊ ಮಾರಿ ನಿನಗೊಂದು ಆಟೋಮ್ಯಾಟಿಕ್ ತಗೊಳ್ಳೋಣ." ಅವರದ್ದು ಬೇರೆ ಕಾರು, ಅದೂ ಮ್ಯಾನ್ಯುವಲ್. ದಿನಾ ಔಟರ್ ರಿಂಗ್ ರೋಡಿನಲ್ಲಿ ಮಾರತಹಳ್ಳಿಗೆ ಹೋಗಿ ಬರುತ್ತಾರೆ. ಸಂಜೆ ಸೋಫಾದಲ್ಲಿ ಕೂತು ಎಡಗಡೆ ಮಂಡಿ ನೀವಿಕೊಳ್ಳುತ್ತಾ ಈ ಸಲಹೆ ಕೊಡುತ್ತಾರೆ.

ನನಗೆ ಕ್ಲಚ್ ಬರುವುದೇ ಇಲ್ವಾ? ಅಥವಾ ಸುಮ್ನೆ ಆಟೋಮ್ಯಾಟಿಕ್‌ಗೆ ಹೋಗುವುದೇ ಸರಿಯಾ? ಓಡಿಸಿ ಅನುಭವ ಇರುವವರು ಹೇಳಿ.

ಹೆಬ್ಬಾಳ_ಕ್ಯೂ | ಭಾನುವಾರ ರಾತ್ರಿ 9.52

ಕಣ್ಣು ಮುಚ್ಚಿಕೊಂಡು ಆಟೋಮ್ಯಾಟಿಕ್ ತಗೊಳ್ಳಿ ಮೇಡಂ. ಹೆಬ್ಬಾಳದಿಂದ ನಾಗವಾರಕ್ಕೆ ಬರುವಷ್ಟರಲ್ಲಿ ಕ್ಲಚ್ ಎಷ್ಟು ಸಲ ಒತ್ತುತ್ತೇನೆ ಅಂತ ಒಂದು ದಿನ ಎಣಿಸಿದೆ. 140 ದಾಟಿದ ಮೇಲೆ ಎಣಿಸುವುದನ್ನೂ ಬಿಟ್ಟೆ, ಆ ಕಾರನ್ನೂ ಬಿಟ್ಟೆ.

ಘಾಟಿ_ಮನುಷ್ಯ | ಭಾನುವಾರ ರಾತ್ರಿ 10.15

ತಪ್ಪು ಸಲಹೆ. ಒಂದು ಸಲ ಆಟೋಮ್ಯಾಟಿಕ್ ಅಭ್ಯಾಸ ಆದರೆ ಮುಂದೆ ಮ್ಯಾನ್ಯುವಲ್ ಮುಟ್ಟುವುದೇ ಇಲ್ಲ. ಊರಲ್ಲಿ ಅಪ್ಪನ ಜೀಪು, ತೋಟದ ಪಿಕಪ್ಪು, ಯಾರಿಗೋ ರಾತ್ರಿ ಹುಷಾರು ತಪ್ಪಿದಾಗ ಪಕ್ಕದ ಮನೆಯವರ ಕಾರು, ಎಲ್ಲದರಲ್ಲೂ ಕ್ಲಚ್ಚೇ. ನಾನು ಸಕಲೇಶಪುರದವನು, ಶಿರಾಡಿ ಘಾಟಿಯಲ್ಲೇ ಕಲಿತದ್ದು. ಆಟೋಮ್ಯಾಟಿಕ್ ಓಡಿಸುವುದು ಡ್ರೈವಿಂಗೇ ಅಲ್ಲ, ಲಿಫ್ಟಿನ ಬಟನ್ ಒತ್ತಿದ ಹಾಗೆ.

ಹೆಬ್ಬಾಳ_ಕ್ಯೂ | ಭಾನುವಾರ ರಾತ್ರಿ 10.18

ಲಿಫ್ಟ್ ಇರುವ ಕಡೆ ಮೆಟ್ಟಿಲು ಹತ್ತಿದವರಿಗೆ ಹಾರ ಹಾಕಿ ಅನ್ನಬೇಡಿ ಅಣ್ಣ.

ಕರಿಕೈ_ಗ್ಯಾರೇಜ್ | ಸೋಮವಾರ ಬೆಳಗ್ಗೆ 7.05

ಇಬ್ಬರೂ ಸ್ವಲ್ಪ ತಡೀರಿ. ಮೇಡಂ, ಮೊದಲು ಒಂದು ಪ್ರಶ್ನೆ. ಸ್ಕೂಲಿನ ಕಾರಿನಲ್ಲಿ ಮಾಸ್ಟರ್ ಕಾಲ ಹತ್ತಿರವೂ ಪೆಡಲ್ ಇತ್ತಲ್ವಾ? 20 ದಿನದಲ್ಲಿ ಒಂದು ಸಲವೂ ಆಫ್ ಆಗಿಲ್ಲ ಅಂತೀರಿ. ಹೊಸಬರ ಕೈಯಲ್ಲಿ ಅದು ಆಗದ ಮಾತು. ಯಾರು ಕ್ಲಚ್ ಒತ್ತುತ್ತಿದ್ದರು ಅಂತ ಯೋಚನೆ ಮಾಡಿ.

ಎರಡನೇ_ಗೇರ್ | ಸೋಮವಾರ ಮಧ್ಯಾಹ್ನ 1.30

ಸಾರ್, ನೀವು ಬರೆದದ್ದು ಓದಿ ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಮಾಸ್ಟರ್‌ಗೆ ಫೋನ್ ಮಾಡಿದೆ. ಅವರು ನಕ್ಕು, "ಟ್ರಾಫಿಕ್ಕಲ್ಲಿ ನಾನೇ ಒತ್ತುತ್ತಿದ್ದೆ ಮೇಡಂ, ಇಲ್ಲಾಂದ್ರೆ ಎಲ್ಲರೂ ಮಧ್ಯ ರೋಡಲ್ಲಿ ನಿಲ್ಲಿಸ್ತಾರೆ" ಅಂದರು. ನನ್ನ ಪೆಡಲ್ ತಾನಾಗಿ ಕೆಳಗೆ ಹೋಗುತ್ತಿದ್ದುದು ಈಗ ನೆನಪಿಗೆ ಬರುತ್ತಿದೆ. ನನ್ನ ಕಾಲೇ ಹುಷಾರಾಗಿದೆ ಅಂದುಕೊಂಡಿದ್ದೆ!

ಕರಿಕೈ_ಗ್ಯಾರೇಜ್ | ಸೋಮವಾರ ರಾತ್ರಿ 9.10

ಹಾಗಾದರೆ ನಿಮಗೆ ಕ್ಲಚ್ ಬರುವುದಿಲ್ಲ ಅಂತಲ್ಲ. ನೀವಿನ್ನೂ ಕ್ಲಚ್ ಕಲಿಯಲು ಶುರುವೇ ಮಾಡಿಲ್ಲ. ಸ್ಟೇರಿಂಗ್ ಕಲಿತಿದ್ದೀರಿ, ಅಷ್ಟೇ.

ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಕಾಲಿಗೆ ಧೈರ್ಯ ಬರುತ್ತದೆ. ಇಂಜಿನ್ ಕಡೆ ಒಂದು ಭಾರದ ಚಕ್ರ ತಿರುಗುತ್ತಾ ಇರುತ್ತದೆ, ಅದು ಫ್ಲೈವೀಲ್. ಗೇರ್‌ಬಾಕ್ಸ್ ಕಡೆ ಇರುವ ತಟ್ಟೆ ಕ್ಲಚ್ ಪ್ಲೇಟ್. ಪೆಡಲ್ ಬಿಟ್ಟಾಗ ಪ್ರೆಷರ್ ಪ್ಲೇಟು ಈ ತಟ್ಟೆಯನ್ನು ಫ್ಲೈವೀಲಿಗೆ ಅದುಮುತ್ತದೆ. ಒತ್ತಿದಾಗ ಎರಡೂ ಬಿಡುತ್ತವೆ. ಗಾಡಿ ನಿಂತಾಗ ಒಂದು ಕಡೆ ನಿಮಿಷಕ್ಕೆ 800 ಸುತ್ತಿನ ಹತ್ತಿರ ತಿರುಗುತ್ತಿದೆ, ಇನ್ನೊಂದು ಕಡೆ ಸುಮ್ಮನೆ ನಿಂತಿದೆ. ಧಡಕ್ಕಂತ ಬಿಟ್ಟರೆ ಗಾಡಿಯ ನಿಂತಿರುವ ಚಕ್ರಗಳು ಇಂಜಿನ್ನನ್ನೇ ನಿಲ್ಲಿಸುತ್ತವೆ. ನಿಧಾನಕ್ಕೆ ಉಜ್ಜಿಕೊಂಡು ಸೇರಲು ಬಿಟ್ಟರೆ ಗಾಡಿ ಹೊರಡುತ್ತದೆ. ಆ ಉಜ್ಜುವ ಜಾಗವೇ ಹಾಫ್ ಕ್ಲಚ್.

ಈಗ ಕೆಲಸ. ಭಾನುವಾರ ಬೆಳಗ್ಗೆ ಒಂದು ಖಾಲಿ ಲೇಔಟ್ ಹುಡುಕಿ. ಸಪಾಟು ರೋಡು ಇರಲಿ. ಬಲಗಾಲನ್ನು ಬ್ರೇಕ್ ಮೇಲೆ ಮಾತ್ರ ಇಡಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಫಸ್ಟ್ ಗೇರ್ ಹಾಕಿ, ಬ್ರೇಕ್ ಬಿಡಿ, ಕ್ಲಚ್ಚನ್ನು ಒಂದೊಂದೇ ನೂಲಿನಷ್ಟು ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ ಸದ್ದು ಸ್ವಲ್ಪ ದಪ್ಪ ಆಗುತ್ತದೆ, ಸೀಟು ಸಣ್ಣಗೆ ನಡುಗುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ಗಾಡಿ ಇರುವೆ ಹಾಗೆ ಹೊರಡುತ್ತದೆ. ಆಲ್ಟೊದ 796 ಸಿಸಿ ಇಂಜಿನ್ನೂ ಸಪಾಟು ನೆಲದಲ್ಲಿ ರೇಸ್ ಕೊಡದೆ ಹೊರಡುತ್ತದೆ. ಮತ್ತೆ ಕ್ಲಚ್ ಒತ್ತಿ, ಬ್ರೇಕ್ ಹಾಕಿ, ನಿಲ್ಲಿಸಿ. ಹೀಗೆ 50 ಸಲ ಮಾಡಿ. ಬೇಜಾರಾಗುತ್ತದೆ, ಆದರೂ ಮಾಡಿ.

ಆರ್‌ಪಿಎಂ ಮೀಟರ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕಿವಿ ಸಾಕು. ಇನ್ನೊಂದು, ಆಲ್ಟೊದಲ್ಲಿ ಕ್ಲಚ್ ಕೇಬಲ್ಲಿನದು. ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಗಾಡಿ ಹಿಡಿಯುತ್ತಿದ್ದರೆ ಕೇಬಲ್ ಅಡ್ಜಸ್ಟ್ ಮಾಡಬೇಕು, ಇಲ್ಲಾಂದ್ರೆ ಪ್ಲೇಟೇ ಸವೆದಿದೆ. ಅದನ್ನು ತೋರಿಸಿಕೊಂಡು ಆಮೇಲೆ ನಿಮ್ಮ ಕಾಲನ್ನು ಬೈದುಕೊಳ್ಳಿ.

ಕಡಲತಡಿ | ಸೋಮವಾರ ರಾತ್ರಿ 9.45

ನಾನು ಮಂಗಳೂರಿನವಳು. ನಮ್ಮಲ್ಲಿ ಆ ಸಪಾಟು ರಸ್ತೆ ಹುಡುಕುವುದೇ ದೊಡ್ಡ ಕೆಲಸ ಮಾರಾಯ್ರೆ! ಕದ್ರಿ, ಬೆಂದೂರ್‌ವೆಲ್, ಬಿಜೈ ಎಲ್ಲಿ ಹೋದರೂ ಏರು ಇಲ್ಲದಿದ್ದರೆ ಇಳಿಜಾರು. ಹಾಗಾಗಿ ನಾವು ಮೊದಲ ದಿನವೇ ಹ್ಯಾಂಡ್‌ಬ್ರೇಕ್ ಕಲಿಯುತ್ತೇವೆ.

ನಿಮ್ಮ ರ‍್ಯಾಂಪಿಗೆ ಇದೇ ಮದ್ದು. ಏರಿನಲ್ಲಿ ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಫುಟ್‌ಬ್ರೇಕ್ ಬಿಡಿ. ಗಾಡಿ ಜಾರುವುದಿಲ್ಲ, ಹೆದರಬೇಡಿ. ಫಸ್ಟ್ ಗೇರಲ್ಲಿ ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡುತ್ತಾ ಬನ್ನಿ. ಬಾನೆಟ್ ಒಂದು ಚೂರು ಎದ್ದ ಹಾಗೆ ಆಗುತ್ತದೆ, ಹಗ್ಗ ಕಟ್ಟಿದ ಕರು ಎಳೆದ ಹಾಗೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ. ಅದಕ್ಕಿಂತ ಮೊದಲು ಇಳಿಸಿದರೆ ಜಾರುತ್ತದೆ. ತುಂಬಾ ತಡ ಮಾಡಿದರೆ ಆಫ್ ಆಗುತ್ತದೆ, ಇಲ್ಲಾಂದ್ರೆ ವಾಸನೆ ಬರುತ್ತದೆ.

ಆಮೇಲೆ ಚಪ್ಪಲಿ. ದಪ್ಪ ಸೋಲಿನ ಶೂ, ಹಿಮ್ಮಡಿ ಎತ್ತರದ್ದು, ಜಾರುವ ಹವಾಯಿ ಯಾವುದೂ ಬೇಡ. ಸೀಟು ಮುಂದೆ ಎಳೆದುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ನಾನು ಆರು ತಿಂಗಳು ಸೀಟು ಹಿಂದಿಟ್ಟುಕೊಂಡು ಕಾಲ್ಬೆರಳ ತುದಿಯಲ್ಲಿ ಒತ್ತುತ್ತಿದ್ದೆ. ಯಾರೂ ಹೇಳಲಿಲ್ಲ.

ಬಿಟಿಎಸ್_ಹಳಬ | ಮಂಗಳವಾರ ಬೆಳಗ್ಗೆ 6.30

ನಾನು ರಿಟೈರ್ಡ್ ಬಸ್ ಡ್ರೈವರ್. ನಾನು ಹೇಳಿದ್ದನ್ನು ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದ್ದು.

ನಾವು ಸೇರಿದಾಗ ಬೆಂಗಳೂರಿನ ಸಿಟಿ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದರು, 1997ರಲ್ಲಿ ಬಿಎಂಟಿಸಿ ಆಯ್ತು. ಆಗಿನ ಗಾಡಿಗಳಲ್ಲಿ ಗೇರ್ ಇಳಿಸಲು ಕ್ಲಚ್ ಎರಡು ಸಲ ಒತ್ತಬೇಕಿತ್ತು. ಒತ್ತಿ ನ್ಯೂಟ್ರಲ್ ಮಾಡಿ, ಬಿಟ್ಟು, ಒಂದು ರೇಸ್ ಕೊಟ್ಟು, ಮತ್ತೆ ಒತ್ತಿ ಕೆಳಗಿನ ಗೇರ್ ಹಾಕಬೇಕು. ಲೆಕ್ಕ ತಪ್ಪಿದರೆ ಗರಗರ ಅಂತ ಸದ್ದು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಡಬಲ್ ಕ್ಲಚ್ ಬರದವನನ್ನು ಡಿಪೋದಲ್ಲಿ ಡ್ರೈವರ್ ಅಂತ ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಆಮೇಲೆ 2006ರ ಸುಮಾರಿಗೆ ವೋಲ್ವೊ ಬಸ್ಸು ಬಂತು. ಕ್ಲಚ್ಚೇ ಇಲ್ಲ. ಮೊದಲ ವಾರ ನನ್ನ ಎಡಗಾಲು ಗಾಳಿಯಲ್ಲಿ ಪೆಡಲ್ ಹುಡುಕುತ್ತಿತ್ತು. ಒಂದು ತಿಂಗಳಾದ ಮೇಲೆ ಡ್ಯೂಟಿ ಮುಗಿಸಿ ಇಳಿದಾಗ ಕಾಲು ಎಳೆಯುವುದು ನಿಂತಿತ್ತು. ಮಂಡಿನೋವು ಮನೆಯ ನೆಂಟ ಅಂದುಕೊಂಡಿದ್ದೆ, ಅದು ಕ್ಲಚ್ಚಿನ ನೆಂಟ ಅಂತ ಆಗ ಗೊತ್ತಾಯಿತು. ಮ್ಯಾನ್ಯುವಲ್ಲೇ ಗಂಡಸುತನ ಅನ್ನುವವರು 8 ಗಂಟೆ ಡ್ಯೂಟಿ ಮಾಡಿ ಬಂದು ಮಾತಾಡಲಿ.

ಆದರೂ ಮಗಳೇ, ಕ್ಲಚ್ ಕಲಿತುಕೊ. ಕಲಿತು ಬಿಟ್ಟುಬಿಡುವುದು ಬೇರೆ, ಹೆದರಿ ಬಿಡುವುದು ಬೇರೆ. ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆ. ಅದುಮಿಕೊಂಡೇ ಕೂತರೆ ಕಾಲೂ ಹೋಗುತ್ತದೆ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೂ ಹೋಗುತ್ತದೆ. ಓಡುವಾಗ ಪೆಡಲ್ ಮೇಲೆ ಕಾಲಿಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಘಾಟಿ_ಮನುಷ್ಯ | ಮಂಗಳವಾರ ಬೆಳಗ್ಗೆ 8.20

ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಲಿಫ್ಟಿನ ಮಾತು ವಾಪಸ್ ತಗೊಂಡೆ. ಆದರೆ ಘಾಟಿ ಇಳಿಯುವಾಗ ಇಂಜಿನ್ ಹಿಡಿತ, ಅಂದರೆ ಕೆಳಗಿನ ಗೇರಿನಲ್ಲಿ ಇಂಜಿನ್ನೇ ವೇಗ ತಡೆಯುವುದು, ಬೇಕಲ್ಲ ಸಾರ್? ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಅಂತ ನಮಗೆ ಕಲಿಸಿದ್ದು. ಆಗುಂಬೆಯಲ್ಲಿ ಆಟೋಮ್ಯಾಟಿಕ್ ಕಾರುಗಳು ತಿರುವು ತಿರುವಿಗೂ ಬ್ರೇಕ್ ಲೈಟ್ ಉರಿಸಿಕೊಂಡು ಇಳಿಯುವುದನ್ನು ನೋಡಿದ್ದೇನೆ. ಕೆಳಗೆ ಸೋಮೇಶ್ವರದ ಹತ್ತಿರ ನಿಲ್ಲಿಸಿದಾಗ ಚಕ್ರದಿಂದ ಹೊಗೆ.

ಕರಿಕೈ_ಗ್ಯಾರೇಜ್ | ಮಂಗಳವಾರ ಬೆಳಗ್ಗೆ 8.50

ನೀವು ನೋಡಿದ್ದು ನಿಜ. ಆದರೆ ತಪ್ಪು ಗಾಡಿಯದ್ದಲ್ಲ, ಡಿ (ಡ್ರೈವ್) ಹಾಕಿ ಮರೆತವರದ್ದು. ಗೇರ್ ಲಿವರ್ ಹತ್ತಿರ ಎಲ್, 2, ಎಸ್ ಅಥವಾ ಎಂ ಅಂತ ಏನೋ ಒಂದು ಬರೆದಿರುತ್ತದೆ. ಅದಕ್ಕೆ ಹಾಕಿದರೆ ಆಟೋಮ್ಯಾಟಿಕ್ಕಿನಲ್ಲೂ ಇಂಜಿನ್ ಹಿಡಿಯುತ್ತದೆ. ಎಷ್ಟೋ ಜನ ಕಾರು ಮಾರುವ ತನಕ ಆ ಅಕ್ಷರ ಮುಟ್ಟಿರುವುದಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟರೇ ಹಿಡಿಯುತ್ತದೆ, ಹಿಡಿಯುತ್ತಾ ಬ್ಯಾಟರಿಗೂ ಸ್ವಲ್ಪ ತುಂಬುತ್ತದೆ. ಬೆಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿ ಇಳಿಯಲು ಶುರು ಮಾಡಿದರೆ ಮಾತ್ರ ಆ ಹಿಡಿತ ಕಡಿಮೆ ಇರುತ್ತದೆ. ತುಂಬಿದ ಕೊಡಕ್ಕೆ ಎಲ್ಲಿ ತುಂಬುವುದು?

ಬರ್ಮಿಂಗ್‌ಹ್ಯಾಮ್_ಕನ್ನಡಿಗ | ಮಂಗಳವಾರ ಮಧ್ಯಾಹ್ನ 3.00

ಹೊರಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಭಾರತದಲ್ಲಿ ಎಲ್‌ಎಂವಿ (ಕಾರಿನಂಥ ಲಘು ವಾಹನದ) ಲೈಸೆನ್ಸ್ ಅಂದರೆ ಮ್ಯಾನ್ಯುವಲ್ಲೂ ಆಯ್ತು, ಆಟೋಮ್ಯಾಟಿಕ್ಕೂ ಆಯ್ತು. ಬ್ರಿಟನ್ನಿನಲ್ಲಿ ಹಾಗಿಲ್ಲ. ಇಲ್ಲಿಗೆ ಬಂದ ಮೇಲೆ ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಇಲ್ಲಿನ ಟೆಸ್ಟ್ ಪಾಸಾಗಬೇಕು. ಟೆಸ್ಟನ್ನು ಆಟೋಮ್ಯಾಟಿಕ್ ಕಾರಿನಲ್ಲಿ ಕೊಟ್ಟರೆ ಲೈಸೆನ್ಸೂ ಆಟೋಮ್ಯಾಟಿಕ್‌ಗೆ ಮಾತ್ರ. ನನ್ನ ಹೆಂಡತಿ ಹಾಗೇ ಪಾಸಾದಳು. ಈಗ ನನ್ನ ಮ್ಯಾನ್ಯುವಲ್ ಕಾರು ಮನೆ ಮುಂದೆ ನಿಂತಿದ್ದರೂ ಅವಳು ಅದನ್ನು ಮುಟ್ಟುವ ಹಾಗಿಲ್ಲ. ಹಾಲು ತರಲೂ ನಾನೇ ಹೋಗಬೇಕು. ಅವಳು ಬೇಕಂತಲೇ ಹಾಗೆ ಮಾಡಿದಳಾ ಅಂತ ನನಗೆ ಅನುಮಾನ.

ಅಂದ ಹಾಗೆ, ಇಲ್ಲಿ ಟೆಸ್ಟಿನಲ್ಲಿ ಗಾಡಿ ಒಂದು ಸಲ ಆಫ್ ಆದ ಮಾತ್ರಕ್ಕೆ ಫೇಲ್ ಮಾಡುವುದಿಲ್ಲ. ಗಾಬರಿ ಆಗದೆ ಮತ್ತೆ ಸ್ಟಾರ್ಟ್ ಮಾಡಿದರೆ ಸಾಕು. ಮೇಡಂ, ನೀವೂ ಹಾಗೇ ಅಂದುಕೊಳ್ಳಿ.

ಹೆಬ್ಬಾಳ_ಕ್ಯೂ | ಮಂಗಳವಾರ ಸಂಜೆ 7.40

ಟೆಸ್ಟ್ ಅಂದಾಗ ನೆನಪಾಯ್ತು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಿಸಿ ತೋರಿಸಬೇಕು ಅಂತ. ನನ್ನ ಟೆಸ್ಟಿನಲ್ಲಿ ಒಂದು ಎಂಟು ಸುತ್ತಿಸಿ ಸಹಿ ಹಾಕಿದರು. ಏರು ಕಂಡದ್ದು ಆಮೇಲೆ, ನಂದಿ ಬೆಟ್ಟದಲ್ಲಿ, ಹಿಂದೆ 40 ಕಾರು ನಿಂತಿದ್ದಾಗ.

ಎರಡನೇ_ಗೇರ್ | ಮುಂದಿನ ಭಾನುವಾರ ರಾತ್ರಿ 8.15

ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಕೇಬಲ್. ಮನೆ ಹತ್ತಿರದ ಗ್ಯಾರೇಜಿನವರು ನೋಡಿ ಹತ್ತು ನಿಮಿಷದಲ್ಲಿ ಅಡ್ಜಸ್ಟ್ ಮಾಡಿಕೊಟ್ಟರು. ಪೆಡಲ್ ಈಗ ನಡುವಲ್ಲೇ ಹಿಡಿಯುತ್ತದೆ. ಸೀಟು ಎರಡು ಹಲ್ಲು ಮುಂದಕ್ಕೆ ಬಂತು.

ಇವತ್ತು ಬೆಳಗ್ಗೆ 6ಕ್ಕೆ ನಾಗರಭಾವಿ ಆಚೆ ಒಂದು ಖಾಲಿ ಲೇಔಟಿಗೆ ಹೋದೆವು. ಪಕ್ಕದಲ್ಲಿ ನಮ್ಮ ಮನೆಯವರು. ಬಾಯಿ ಬಿಡಬಾರದು ಅಂತ ಮೊದಲೇ ಕರಾರು ಮಾಡಿಕೊಂಡಿದ್ದೆ. 50 ಅಂದಿರಿ, ನಾನು 63 ಸಲ ಮಾಡಿದೆ. ಮೊದಲ 20ರಲ್ಲಿ 9 ಸಲ ಆಫ್. ಕೊನೆಯ 20ರಲ್ಲಿ ಒಂದೂ ಇಲ್ಲ. ಸುಮಾರು ಮೂವತ್ತನೆಯ ಸಲ ಇರಬೇಕು, ಸೀಟು ನಡುಗಿದ್ದು ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲರೂ ಹೇಳುವ ಆ ನಡುಕ ಎಲ್ಲಿದೆ ಅಂತಲೇ ತಿಳಿದಿರಲಿಲ್ಲ. ಹಾಲಿನ ಪಾತ್ರೆ ಉಕ್ಕುವ ಮೊದಲು ಒಂದು ಗುಂಯ್ ಸದ್ದು ಬರುತ್ತಲ್ಲ, ಹಾಗೆ. ಒಂದು ಸಲ ಕೇಳಿಸಿದ ಮೇಲೆ ಕೇಳಿಸುತ್ತಲೇ ಇರುತ್ತದೆ.

ವಾಪಸ್ ಬಂದು ರ‍್ಯಾಂಪ್. ಬೇಕಂತಲೇ ಏರಿನ ನಡುವೆ ನಿಲ್ಲಿಸಲು ಸೆಕ್ಯೂರಿಟಿಯವರಿಗೆ ಹೇಳಿದೆ. ಹ್ಯಾಂಡ್‌ಬ್ರೇಕ್ ಎಳೆದು, ಕಡಲತಡಿ ಅಕ್ಕ ಹೇಳಿದ ಹಾಗೆ ಬಾನೆಟ್ ಏಳುವುದನ್ನು ಕಾದೆ. ಕರು ಎಳೆಯಿತು. ಬಿಟ್ಟೆ. ಮೇಲೆ ಹೋಯ್ತು! ಐದು ಸಲ ಮಾಡಿದೆ. ನಾಲ್ಕು ಸಲ ಸರಿ, ಒಂದು ಸಲ ಸುಟ್ಟ ವಾಸನೆ.

ಮಜಾ ಈಗ ಬರುತ್ತದೆ. ನಮ್ಮ ಮನೆಯವರು ಹಟ ಬಿಡದೆ ಸಹೋದ್ಯೋಗಿಯ ಎಎಂಟಿ (ಒಂದು ಬಗೆಯ ಆಟೋಮ್ಯಾಟಿಕ್) ಕಾರು ತಂದಿದ್ದರು, ಏಳೆಂಟು ವರ್ಷ ಹಳೆಯದು. ನಾನೂ ಓಡಿಸಿದೆ. ಟ್ರಾಫಿಕ್ಕಿನಲ್ಲಿ ಸುಖವೋ ಸುಖ. ಅದೇ ರ‍್ಯಾಂಪಿನಲ್ಲಿ ನಿಲ್ಲಿಸಿ, ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಇಡುವಷ್ಟರಲ್ಲಿ ಆ ಕಾರೂ ಹಿಂದಕ್ಕೆ ಜಾರಿತು! ಒಂದಡಿ ಆದರೂ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದು ಹೊರಡಿಸಿದೆ. ನಮ್ಮ ಮನೆಯವರು ಮಾತಾಡಲಿಲ್ಲ. ಈ ಸಲ ಕರಾರಿನಿಂದಲ್ಲ.

ಆಟೋಮ್ಯಾಟಿಕ್ ಯಾಕೆ ಜಾರಿತು ಸಾರ್?

ಕರಿಕೈ_ಗ್ಯಾರೇಜ್ | ಭಾನುವಾರ ರಾತ್ರಿ 10.05

ಯಾಕಂದರೆ ಎಎಂಟಿ ಅಂದರೆ ಒಳಗೆ ನಿಮ್ಮ ಆಲ್ಟೊನೇ. ಅದೇ ತರಹದ ಗೇರ್‌ಬಾಕ್ಸ್, ಅದೇ ತರಹದ ಕ್ಲಚ್ ಪ್ಲೇಟ್. ಒತ್ತುವ ಕಾಲು ಮಾತ್ರ ಮಷೀನಿನದು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದಾಗಿನಿಂದ ಕಡಿಮೆ ಬೆಲೆಯ ಕಾರುಗಳಿಗೂ ಆಟೋಮ್ಯಾಟಿಕ್ ಸಿಕ್ಕಿತು, ಅದು ದೊಡ್ಡ ಉಪಕಾರ. ಮ್ಯಾನ್ಯುವಲ್ಲಿಗಿಂತ 50 ಸಾವಿರದ ಆಸುಪಾಸು ಜಾಸ್ತಿ, ಮೈಲೇಜೂ ಹೆಚ್ಚುಕಡಿಮೆ ಅಷ್ಟೇ. ಗೇರ್ ಬದಲಾಗುವಾಗ ತಲೆ ಆಡಿಸುತ್ತದೆ. ಆ ಹೊತ್ತಿಗೆ ಕಾಲು ಒಂದು ಚೂರು ಸಡಿಲ ಬಿಟ್ಟರೆ ಅದೂ ಕಡಿಮೆ ಆಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸಿಕೊಳ್ಳಬೇಡಿ, ಪ್ಲೇಟ್ ಸುಡುತ್ತದೆ. ನಿಮಗೆ ಬೇಕಾದ್ದು ಹಿಲ್ ಹೋಲ್ಡ್. ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡು ಗಾಡಿಯನ್ನು ಹಿಡಿದಿರುತ್ತದೆ. ಹೊಸ ಕಾರು ನೋಡುವಾಗ ಅದು ಇದೆಯಾ ಅಂತ ಮೊದಲು ಕೇಳಿ, ಸನ್‌ರೂಫ್ ಆಮೇಲೆ ಕೇಳಿ.

ಆಟೋಮ್ಯಾಟಿಕ್ಕಿನಲ್ಲಿ ಬೇರೆ ಬಗೆಗಳೂ ಇವೆ. ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಕೆಲಸ ಮಾಡುತ್ತದೆ. ನಿಂತು ನಿಂತು ಹೊರಡುವ ಟ್ರಾಫಿಕ್ಕಿಗೆ ನನ್ನ ಓಟು ಅದಕ್ಕೇ. ಸಿವಿಟಿಯಲ್ಲಿ ಹಲ್ಲಿನ ಗೇರಿನ ಬದಲು ಬೆಲ್ಟು, ಬೆಣ್ಣೆ ಹಾಗೆ ಹೋಗುತ್ತದೆ, ಜೋರಾಗಿ ಒತ್ತಿದರೆ ಮಾತ್ರ ಸದ್ದು ಮೊದಲು, ಓಟ ಆಮೇಲೆ. ಎರಡಕ್ಕೂ ಲಕ್ಷದ ಮೇಲೆ ಜಾಸ್ತಿ ಕೊಡಬೇಕು. ಡಿಸಿಟಿ, ಅಂದರೆ ಎರಡು ಕ್ಲಚ್ಚಿನದು, ಹೈವೇಯಲ್ಲಿ ರಾಜ. ಒಣ ಕ್ಲಚ್ಚಿನ (ಎಣ್ಣೆಯಲ್ಲಿ ಮುಳುಗದ) ಡಿಸಿಟಿ ಸಿಲ್ಕ್ ಬೋರ್ಡಿನಲ್ಲಿ ಇಂಚಿಂಚು ಸರಿಯುವಾಗ ಬಿಸಿಯಾಗುತ್ತದೆ. ಮುಂದಿನವನು ಎರಡಡಿ ಹೋದ ಅಂತ ನೀವೂ ಎರಡಡಿ ಹೋಗಬೇಡಿ, ಮುಂದೆ ಜಾಗ ಆಗುವ ತನಕ ಕಾದು ಒಂದೇ ಸಲಕ್ಕೆ ಹೋಗಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ.

ಬ್ಯಾಟರಿ ಸತ್ತರೆ ಮ್ಯಾನ್ಯುವಲ್ಲನ್ನು ಸೆಕೆಂಡ್ ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ಕನ್ನು ಎಷ್ಟು ತಳ್ಳಿದರೂ ಬೆವರು ಮಾತ್ರ ಬರುತ್ತದೆ.

ಕಡಲತಡಿ | ಭಾನುವಾರ ರಾತ್ರಿ 10.30

ಇನ್ನೊಂದು ಹೇಳಲೇಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಎಡಗಾಲು ಮೂಲೆಗೆ ಇಟ್ಟು ಮರೆತುಬಿಡಿ. ನನ್ನ ತಮ್ಮ ಮೊದಲ ದಿನ ಕ್ಲಚ್ ಅಂದುಕೊಂಡು ಎಡಗಾಲಲ್ಲಿ ಬ್ರೇಕ್ ತುಳಿದ. ಹಿಂದೆ ಕೂತಿದ್ದ ಅಮ್ಮನ ಮಡಿಲಿನ ಮೀನಿನ ಚೀಲ ಡ್ಯಾಶ್‌ಬೋರ್ಡಿಗೆ ಬಂತು. ಆ ವಾಸನೆ ಮಳೆಗಾಲ ಮುಗಿಯುವ ತನಕ ಇತ್ತು.

ಎರಡನೇ_ಗೇರ್ | ಮೂರು ವಾರದ ನಂತರ, ಗುರುವಾರ ರಾತ್ರಿ 9.20

ತಡವಾಯಿತು, ಕ್ಷಮಿಸಿ. ಆಲ್ಟೊ ಮಾರುತ್ತಿಲ್ಲ. ದಿನಾ ಬೆಳಗ್ಗೆ 7.50ಕ್ಕೆ ಮಗಳನ್ನು ಸ್ಕೂಲಿಗೆ ಬಿಟ್ಟು ಆಫೀಸಿಗೆ ಹೋಗುತ್ತೇನೆ, ಎಲ್ಲ ಸೇರಿ ಆರು ಕಿಲೋಮೀಟರ್. ಈ ವಾರ ಆಫ್ ಆದದ್ದು ಒಂದೇ ಸಲ, ಅದೂ ಸೆಕೆಂಡ್ ಗೇರಿನಲ್ಲಿ ಹೊರಡಲು ಹೋಗಿ. ಮೊದಲೆಲ್ಲ ನನ್ನ ಕಾರು ಕಂಡರೆ ಸೆಕ್ಯೂರಿಟಿಯವರು ಎದ್ದು ಬಂದು ಹಿಂದೆ ನಿಲ್ಲುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತೇ ಕೈ ತೋರಿಸುತ್ತಾರೆ.

ಆಟೋಮ್ಯಾಟಿಕ್ ಬರುತ್ತಿದೆ, ಆದರೆ ನಮ್ಮ ಮನೆಯವರಿಗೆ. ಬಿಟಿಎಸ್ ತಾತ ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೆ. ಮಂಡಿಯ ಭಾಗ ಬಂದಾಗ ನೀವಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು. ಎರಡು ದಿನ ಬಿಟ್ಟು, "ಟಾರ್ಕ್ ಕನ್ವರ್ಟರ್ ಅಂದ್ರಲ್ಲ, ಅದು ಯಾವ ಯಾವ ಕಾರಲ್ಲಿ ಬರುತ್ತೆ?" ಅಂತ ಅವರೇ ಕೇಳಿದರು. ಶನಿವಾರ ಟೆಸ್ಟ್ ಡ್ರೈವ್. ಶೋರೂಮಿನವರಿಗೆ ನಮ್ಮ ಬೇಸ್‌ಮೆಂಟಿಗೇ ತರಲು ಹೇಳಿದ್ದೇನೆ.

ಕರಿಕೈ_ಗ್ಯಾರೇಜ್ | ಗುರುವಾರ ರಾತ್ರಿ 9.55

ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರನ್ನು ಕೂರಿಸಿ, ಎಸಿ ಹಾಕಿ, ಆಮೇಲೆ ಏರಿನಲ್ಲಿ ನಿಲ್ಲಿಸಿ ನೋಡಿ. ಖಾಲಿ ಗಾಡಿ ಎಲ್ಲವೂ ಹತ್ತುತ್ತದೆ. ಆ ಎರಡನೇ ಮಹಡಿ ಅಂಕಲ್ಲನ್ನೂ ಕರೆಯಿರಿ, ಈ ಸಲ ಅವರು ಒಳಗೆ ಕೂತಿರಲಿ.